ಮಲಗಿಸಿ ತೆಗೆದ ಇಸಿಜಿ ಸಾಲಲ್ಲ

ಎದೆನೋವು ಅಂತ ಬಂದ ಪೌರಕಾರ್ಮಿಕರಿಗೆ ಮಲಗಿಸಿ ಇಸಿಜಿ ತೆಗೆದು, 'ನಾರ್ಮಲ್, ಗ್ಯಾಸ್ ಇರಬೇಕು' ಅಂತ ಮಾತ್ರೆ ಕೊಟ್ಟು ಕಳಿಸ್ತಾರೆ. ಗೆಳೆಯರೇ, ನೋವು ಬರೋದು ಗಾಡಿ ತಳ್ಳುವಾಗ! ರಕ್ತನಾಳ ಕಟ್ಟಿಕೊಂಡಿದ್ದರೂ ಸುಮ್ಮನೆ ಮಲಗಿದಾಗ ಇಸಿಜಿ ಸರಿಯಾಗೇ ಇರಬಹುದು.

ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಶ್ರಮದ ಹೊತ್ತಿಗೊಂದು, ವಿಶ್ರಾಂತಿಗೊಂದು ಚಿತ್ರ. ಹೃದಯದ ಯಾವ ಭಾಗಕ್ಕೆ ರಕ್ತ ಸಾಲ್ತಿಲ್ಲ, ಪಂಪಿಂಗ್ ಎಷ್ಟಿದೆ, ಎರಡೂ ಗೊತ್ತಾಗುತ್ತೆ. ಎಲ್ಲರಿಗೂ ಇದು ಬೇಕಿಲ್ಲ, ಬೇಕಾದವರಿಗೂ ಊರ ಹತ್ತಿರ ಸಿಗಲ್ಲ.

ಕೇಳಿದ್ರೆ, 'ಟೆಕ್ನೀಷಿಯಂ 6 ಗಂಟೆಗೆ ಅರ್ಧ ಆಗೋಗುತ್ತೆ' ಅಂತಾರೆ. ನಿಜ. ಆದ್ರೆ ಅದನ್ನ ಕೊಡೋ ಮಾಲಿಬ್ಡಿನಂ ಜನರೇಟರ್ ಸುಮಾರು ಒಂದು ವಾರ ನಡೆಯುತ್ತೆ. ಜಿಲ್ಲಾಸ್ಪತ್ರೆಗೆ ತರಬಹುದು. ಲೈಸೆನ್ಸು, ತಜ್ಞರು, ದುಡ್ಡು ಬೇಕು, ಅದನ್ನ ಸರ್ಕಾರ ಕೊಡಬೇಕು. ಅಲ್ಲೀವರೆಗೆ ದೊಡ್ಡಾಸ್ಪತ್ರೆಗೆ ಹೋಗಿಬರೋ ಬಸ್ ಚಾರ್ಜು, ಆ ದಿನದ ಸಂಬಳ ಕೇಳಿ ಪಡೀರಿ. ಜೈ ಭೀಮ್.