ನಾನೂರು ಮೀಟರಿನ ಬಾಕಿ

ಹೋದ ಸಂಚಿಕೆಯ ಕೊನೆಯಲ್ಲಿ, ನಮ್ಮ ಈಜಿನ ಪ್ರಸಂಗವನ್ನು ಮುಂದೊಮ್ಮೆ ಹೇಳುತ್ತೇವೆಂದು ಮಾತು ಕೊಟ್ಟಿದ್ದೆವು. ವಾಚಕರು ಅದನ್ನು ಮರೆತಿರುತ್ತಾರೆಂದು ನಮ್ಮ ನಂಬಿಕೆ. ಆದರೆ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, “ಏನು ರಾಯರೆ, ನೀವು ಮುಳುಗಿದ ಕಥೆ ಯಾವಾಗ ಬರುತ್ತೆ?” ಎಂದು ಕೇಳಿಬಿಟ್ಟರು. ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇವೆ. ನಾವು ಮುಳುಗಲಿಲ್ಲ. ಹಗ್ಗ ಹಿಡಿದುಕೊಂಡೆವು, ಅಷ್ಟೆ.

ಹೋದ ವರ್ಷ ಸರ್ಕಾರಿ ನೌಕರರ ಈಜುಪಂದ್ಯಕ್ಕೆ ಹೆಸರು ಕೊಡಲು ಸುತ್ತೋಲೆ ಬಂದಿತ್ತು. ಐವತ್ತು, ನೂರು ಮೀಟರಿಗೆ ಹುಡುಗರ ಹೆಸರು ಪುಟ ತುಂಬಿತ್ತು. ೪೦೦ ಮೀಟರ್ ಫ್ರೀಸ್ಟೈಲಿಗೆ ಐದೇ ಹೆಸರು. ಹೆಸರು ಕಡಮೆಯಿರುವ ಕಡೆ ಬಹುಮಾನ ಹತ್ತಿರ ಎಂಬುದು ಗುಮಾಸ್ತನ ಲೆಕ್ಕ. ನಮ್ಮದನ್ನೂ ಬರೆದು ಆರು ಮಾಡಿದೆವು. ವಯಸ್ಸಿನ ಕಾಲಮಿನಲ್ಲಿ ೩೭ ಎಂದು ತುಂಬುವಾಗ ಕೈ ಸ್ವಲ್ಪವೂ ನಡುಗಲಿಲ್ಲ. ಹೊಳೆನರಸೀಪುರದ ಹತ್ತಿರ ತಾತನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವರು ನಾವು. ಬುರುಡೆ ಬಿಚ್ಚಿದ ಮೇಲೆ ಹೇಮಾವತಿಯಲ್ಲೂ ಈಜಿದವರು. ಟೈಲ್ಸು ಹಾಕಿದ ಕೊಳ ಯಾವ ಲೆಕ್ಕ?

ಮೊದಲ ನೂರು ಮೀಟರನ್ನು ೧ ನಿಮಿಷ ೪೫ ಸೆಕೆಂಡಿನಲ್ಲಿ ಮುಗಿಸಿದೆವು. ಎಲ್ಲರಿಗಿಂತ ಮುಂದೆ! ಮೇಲೆ ಕುಳಿತಿದ್ದ ಮಗಳು ಎದ್ದು ನಿಂತು ಕೂಗಿದ್ದು ನೀರಿನಲ್ಲೂ ಕೇಳಿಸಿತು. ಎರಡನೆಯ ನೂರಕ್ಕೆ ೨ ನಿಮಿಷ ೨೦ ಸೆಕೆಂಡು. ಮೂರನೆಯದಕ್ಕೆ ೨ ನಿಮಿಷ ೫೨. ಅಲ್ಲಿಗೆ ತೋಳು ಒದ್ದೆ ಗೋಣಿಚೀಲವಾಗಿತ್ತು, ಉಸಿರು ಎಲ್ಲಿಗೋ ರಜೆ ಹಾಕಿ ಹೋಗಿತ್ತು. ಹಗ್ಗ ಹಿಡಿದೆವು. ಉಳಿದ ನೂರು ಮೀಟರು ನಮ್ಮ ಖಾತೆಯಲ್ಲಿ ಬಾಕಿ ನಿಂತಿತು. ಮನೆಗೆ ಬರುವಾಗ ಮೆಟ್ರೋದಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಣ್ಣ, ತುಂಬ ಸುಸ್ತಾಯ್ತಾ?” ಎಂದಳು. ಆಫೀಸಿನವರ ನಗುವನ್ನು ತಡೆದುಕೊಳ್ಳಬಹುದಾಗಿತ್ತು. ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಮರುವಾರವೇ ಒಬ್ಬ ಮಾಸ್ತರರನ್ನು ಹುಡುಕಿಕೊಂಡೆವು. ಹರಿಯಾಣದ ಹುಡುಗ, ಇಪ್ಪತ್ತೆರಡು ವಯಸ್ಸು. ನಮ್ಮ ಎರಡು ಉದ್ದ ನೋಡಿ, “ಬಾಬೂಜಿ, ನೀವು ಈಜುತ್ತಿಲ್ಲ, ನೀರಿನೊಡನೆ ಜಗಳವಾಡುತ್ತಿದ್ದೀರಿ” ಎಂದು ಹಿಂದಿಯಲ್ಲಿ ಹೇಳಿದ. ಬಾವಿಯ ಈಜಿನಲ್ಲಿ ತಲೆ ನೀರಿನ ಮೇಲಿರುತ್ತದೆ. ದಡದಲ್ಲಿ ಬಿಚ್ಚಿಟ್ಟ ಬಟ್ಟೆಯ ಮೇಲೂ, ಇಳಿದು ಬರುವ ಎಮ್ಮೆಯ ಮೇಲೂ ಕಣ್ಣಿಡಬೇಕಲ್ಲ! ಆದರೆ ತಲೆ ಎತ್ತಿದಷ್ಟೂ ಸೊಂಟ ಇಳಿಯುತ್ತದೆ, ಸೊಂಟ ಇಳಿದಷ್ಟೂ ನೀರಿಗೆ ಅಡ್ಡಲಾಗುವ ಮೈ ದೊಡ್ಡದಾಗುತ್ತದೆ. ನೀರು ಗಾಳಿಗಿಂತ ಸುಮಾರು ೮೦೦ ಪಾಲು ಸಾಂದ್ರ. ವೇಗ ಎರಡರಷ್ಟಾದರೆ ನೀರಿನ ತಡೆ ಹೆಚ್ಚುಕಡಮೆ ನಾಲ್ಕರಷ್ಟಾಗುತ್ತದೆ. ವ್ಯಯವಾಗುವ ಶಕ್ತಿ ಎಂಟರಷ್ಟು. ಸಂಬಳ ಒಂದಿಷ್ಟು ಏರಿದರೆ ಖರ್ಚು ಎಷ್ಟೋ ಏರುವುದನ್ನು ಕಂಡ ನಮಗೆ ಈ ಸೂತ್ರ ತಟ್ಟನೆ ಅರ್ಥವಾಯಿತು. ಬಲ ಹಾಕುವುದಕ್ಕಿಂತ ತಡೆ ತಗ್ಗಿಸುವುದೇ ಅಗ್ಗ.

ಮುಖವನ್ನು ನೀರಿನೊಳಗಿಟ್ಟು, ಅಲ್ಲೇ ಉಸಿರು ಬಿಟ್ಟು, ಪಕ್ಕಕ್ಕೆ ಹೊರಳಿ ಉಸಿರು ಎಳೆಯುವ ಅಭ್ಯಾಸಕ್ಕೆ ಎರಡು ತಿಂಗಳು ಹಿಡಿಯಿತು. ಪಕ್ಕದ ಸಾಲಿನಲ್ಲಿ ಎಂಟು ವರ್ಷದ ಮಕ್ಕಳು ಅದನ್ನೇ ಹಾಡುತ್ತ ಮಾಡುತ್ತಿದ್ದರು. ಗೋಡೆಯ ಬಳಿ ಪಲ್ಟಿ ಹೊಡೆದು ಒದ್ದು ಹೊರಡುವ ವಿದ್ಯೆಯನ್ನೂ ಒಂದು ದಿನ ಪ್ರಯತ್ನಿಸಿದೆವು. ಮೂಗಿಗೆ ಹೋದ ನೀರನ್ನು ಕುರಿತು ಇಲ್ಲಿ ಬರೆಯುವುದಿಲ್ಲ.

ಒಂದು ಉದ್ದಕ್ಕೆ ಎಷ್ಟು ಬಾರಿ ಕೈ ಬೀಸುತ್ತೀರೆಂದು ಎಣಿಸಬೇಕು ಎಂದ ಮಾಸ್ತರ. ಈಜುವಾಗ ಎಣಿಕೆ ತಪ್ಪುತ್ತದೆ. ಭಾನುವಾರಗಳಲ್ಲಿ ಮಗಳು ಮೇಲೆ ಕುಳಿತು ಎಣಿಸತೊಡಗಿದಳು. ಅವಳಿಗೆ ಕನ್ನಡದಲ್ಲಿ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು; ಆಮೇಲೆ ‘ಇಕ್ಕೀಸ್, ಬಾಯೀಸ್.’ ನಾವು ಮೊದಲ ದಿನ ಐವತ್ತು ಮೀಟರಿಗೆ ೫೮ ಬೀಸಿದೆವು. ಕನ್ನಡದಲ್ಲಿ ಹೇಳಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಂದು ನಾವೂ ಹಟ ಹಿಡಿದೆವು. ಹೀಗೆ ‘ಮೂವತ್ತೊಂಬತ್ತು’, ‘ನಲವತ್ತೊಂಬತ್ತು’ ನಮ್ಮ ಮನೆಗೆ ಬಂದವು. ನಮ್ಮ ಎಣಿಕೆ ೪೪ಕ್ಕೆ ಇಳಿಯುವ ಹೊತ್ತಿಗೆ ಅವಳ ಎಣಿಕೆ ನೂರಕ್ಕೆ ಏರಿತ್ತು. ಒಬ್ಬರ ನಷ್ಟ ಇನ್ನೊಬ್ಬರ ಲಾಭವಾದದ್ದು ಹೀಗೆ.

ಇನ್ನು ವೇಗ. ಒಂದು ದಿನ ೪೦೦ ಮೀಟರು, ಇನ್ನೊಂದು ದಿನ ೨೦೦ ಮೀಟರು ಪೂರ್ಣಶಕ್ತಿಯಿಂದ ಈಜಿ ಕಾಲ ಗುರುತು ಹಾಕಿಕೊಳ್ಳಬೇಕು. ನಮ್ಮದು ೯ ನಿಮಿಷ ೨೦ ಸೆಕೆಂಡು, ೪ ನಿಮಿಷ ೨೦ ಸೆಕೆಂಡು. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ೨ ನಿಮಿಷ ೩೦ ಸೆಕೆಂಡು. ನೂರು ಮೀಟರಿಗೆ ಆಗ ನಾವು ಬಳಲದೆ ನಿಭಾಯಿಸಬಹುದಾಗಿದ್ದ ವೇಗ ಅದು. ಆ ವೇಗದಲ್ಲಿ ನೂರು ಮೀಟರು, ಇಪ್ಪತ್ತು ಸೆಕೆಂಡು ವಿಶ್ರಾಂತಿ, ಮತ್ತೆ ನೂರು. ಹೀಗೆ ಎಂಟೋ ಹತ್ತೋ ಸಲ. ಮೊದಲನೆಯದೂ ಹತ್ತನೆಯದೂ ಒಂದೇ ಕಾಲಕ್ಕೆ ಮುಗಿಯಬೇಕು. ಹೀಗೆ ತುಂಡು ಮಾಡಿ ಈಜಿಸುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಜೇಮ್ಸ್ ಕೌನ್ಸಿಲ್‌ಮನ್ ಪ್ರಮುಖರು. ಮಾರ್ಕ್ ಸ್ಪಿಟ್ಸನಿಗೆ ಗುರುಗಳು. ೧೯೭೯ರಲ್ಲಿ, ತಮ್ಮ ೫೮ನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನು ಸ್ವತಃ ಈಜಿ ದಾಟಿದರು. “ಈ ವಯಸ್ಸಿನಲ್ಲಿ ಬೇಕಾ ರೀ?” ಎಂದು ಕೇಳಿದ ನಮ್ಮಾಕೆಗೆ ಇವರ ಹೆಸರನ್ನೇ ಹೇಳಿದೆವು. “ಅವರ ಮನೇಲಿ ತರಕಾರಿ ಯಾರು ತರ್ತಿದ್ರಂತೆ?” ಎಂಬ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲೂ ಸಿಕ್ಕಲಿಲ್ಲ.

ಇವೆಲ್ಲಕ್ಕಿಂತ ಕಷ್ಟವಾದದ್ದು ಮೊದಲ ನೂರು ಮೀಟರು ನಿಧಾನ ಮಾಡುವುದು. ಮೈ ಹಗುರವಾಗಿರುತ್ತದೆ, ಪಕ್ಕದವನು ಮುಂದೆ ಹೋಗುತ್ತಾನೆ, ಕೈ ತಡೆಯದು. ಎಷ್ಟೋ ಬೆಳಗ್ಗೆ ಹಳೆಯ ತಪ್ಪನ್ನೇ ಮಾಡಿ, “ಮತ್ತೆ ಹಗ್ಗವೇ, ಬಾಬೂಜಿ?” ಎನ್ನಿಸಿಕೊಂಡೆವು. ನಾವಾದರೂ ಹತ್ತಾರು ಸೆಕೆಂಡಿಗೆ ಹೆಣಗುವವರು. ಜಗತ್ತಿನ ದಾಖಲೆಯನ್ನು ನೋಡಿ: ೨೦೦೯ರಲ್ಲಿ ಜರ್ಮನಿಯ ಪಾಲ್ ಬೀಡರ್‌ಮನ್ ೪೦೦ ಮೀಟರನ್ನು ೩ ನಿಮಿಷ ೪೦.೦೭ ಸೆಕೆಂಡಿನಲ್ಲಿ ಈಜಿದ. ಅದನ್ನು ಮುರಿಯಲು ೨೦೨೫ರ ಏಪ್ರಿಲ್ ಬರಬೇಕಾಯಿತು. ಅದೇ ದೇಶದ ಲೂಕಾಸ್ ಮಾರ್ಟೆನ್ಸ್ ೩ ನಿಮಿಷ ೩೯.೯೬ಕ್ಕೆ ಇಳಿಸಿದ. ಹನ್ನೊಂದು ನೂರಾಂಶ ಸೆಕೆಂಡಿಗೆ ಹೆಚ್ಚುಕಡಮೆ ಹದಿನಾರು ವರ್ಷ! ನಮ್ಮ ಕಡತಗಳೇ ವಾಸಿ.

ಚಳಿಗಾಲದಲ್ಲಿ ದಿಲ್ಲಿಯ ಬಯಲು ಕೊಳಗಳು ಬಾಗಿಲು ಹಾಕುತ್ತವೆ. ನವೆಂಬರಿನ ಹೊಗೆಯನ್ನು ಎಳೆದುಕೊಂಡ ಎದೆಗೆ ಉಸಿರಿನ ಪಾಠವೂ ರುಚಿಸದು. ಆಗ ಉಳಿಯುವುದು ಚಾವಣಿಯಿರುವ ಕೊಳ. ೧೯೮೨ರ ಏಷ್ಯಾ ಕ್ರೀಡೆಗಳ ಈಜು ನಡೆದ, ೨೦೧೦ರ ಕಾಮನ್‌ವೆಲ್ತ್ ಕ್ರೀಡೆಗಳಿಗೆ ಹೊಸದಾದ ತಾಲ್ಕಟೋರಾ ಅಂಥದು. ತಾಲ್ ಎಂದರೆ ಕೆರೆ, ಕಟೋರಾ ಎಂದರೆ ಬಟ್ಟಲು. ಹೆಸರು ಕೇಳಿದರೇ ಊರಿನ ನೆನಪು. ಮಗಳು ತನ್ನ ಮೇಜಿನ ಮೇಲೆ ಬೆಂಗಳೂರಿನ ಧಿನಿಧಿ ದೇಸಿಂಗುವಿನ ಚಿತ್ರ ಅಂಟಿಸಿದ್ದಾಳೆ. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ೨೦೦ ಮೀಟರ್ ಫ್ರೀಸ್ಟೈಲ್ ಈಜಿದಾಗ ಆಕೆಗೆ ೧೪ ವರ್ಷ. ಭಾರತದ ತಂಡಕ್ಕೆಲ್ಲ ಕಿರಿಯಳು. ಅದೇ ಪಂದ್ಯವನ್ನು ೨೦೦೦ದ ಸಿಡ್ನಿಯಲ್ಲಿ ಈಜಿದ ನಿಶಾ ಮಿಲೆಟ್ ಕೂಡ ಬೆಂಗಳೂರಿನವರೇ. ನಮ್ಮ ಚಿತ್ರ ಆ ಮೇಜಿನ ಮೇಲೆ ಇಲ್ಲ.

ಈ ವರ್ಷದ ಪಂದ್ಯ ಯುಗಾದಿಯಾದ ಎರಡು ವಾರಕ್ಕೆ ನಡೆಯಿತು. ಏಳು ಮಂದಿ. ಮೊದಲ ನೂರರಲ್ಲಿ ನಾವು ಕಟ್ಟಕಡೆಯವರು. ೨ ನಿಮಿಷ ೫ ಸೆಕೆಂಡು. ಆಮೇಲೆ ೨-೦೮, ೨-೦೯. ಆರನೆಯ ಉದ್ದ ಮುಗಿದಾಗ, ಹೋದ ವರ್ಷ ಹಿಡಿದ ಹಗ್ಗ ಎಡಗಡೆಯೇ ಹೊಳೆಯುತ್ತಿತ್ತು. ಕೈ ನೀಡಲಿಲ್ಲ. ಕೊನೆಯ ನೂರು ೨-೦೪. ಒಟ್ಟು ೮ ನಿಮಿಷ ೨೬ ಸೆಕೆಂಡು. ಮಾರ್ಟೆನ್ಸ್ ಗೋಡೆ ಮುಟ್ಟುವ ಹೊತ್ತಿಗೆ ನಾವು ನಾಲ್ಕನೆಯ ಉದ್ದದಲ್ಲಿರುತ್ತಿದ್ದೆವು. ಸ್ಥಾನ ಆರನೆಯದು. ಏಳನೆಯವರಾಗಿ ಬಂದವರು ನಿವೃತ್ತಿಗೆ ಎರಡು ವರ್ಷ ಉಳಿದಿರುವ ಹಿರಿಯ ಅಧಿಕಾರಿ. ನಮ್ಮ ಕೈ ಕುಲುಕಿ, ಮುಂದಿನ ವರ್ಷ ನೋಡಿಕೊಳ್ಳುತ್ತೇನೆಂದರು.

ಮೆಟ್ರೋದಲ್ಲಿ ಮಗಳು ಚೀಟಿ ತೆಗೆದಳು. “ಅಣ್ಣ, ಏಳನೇ ಉದ್ದದಲ್ಲಿ ನಲವತ್ತೊಂಬತ್ತು ಬೀಸಿದೀರಿ. ಮಿಕ್ಕಿದ್ದೆಲ್ಲ ನಲವತ್ತೈದು, ನಲವತ್ತಾರು. ಅದ್ಯಾಕೆ?”

ಹೆದರಿಕೆಯಾಗಿತ್ತು ಎಂದೆವು. ಅವಳು ಅದನ್ನೂ ಚೀಟಿಯಲ್ಲಿ ಬರೆದುಕೊಂಡಳು.