ಬೀಳುವ ಭಯ ನೀಗಿಸುವುದೂ ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನವು ಶ್ರಾವಕನ ಧರ್ಮ. ಅಭಯವೆಂದರೆ ಸಾವಿನ ಅಂಚಿನಲ್ಲಿರುವ ಪ್ರಾಣಿಯನ್ನು ಉಳಿಸುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಆದರೆ ವೃದ್ಧರನ್ನು ಹಗಲಿರುಳು ಕಾಡುವ ಭಯವೊಂದಿದೆ. ಅದು ಬೀಳುವ ಭಯ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಗತಿಯೇನು ಎಂದು ಅಂಜಿ ಅವರು ನಡೆಯುವುದನ್ನೇ ಕಡಿಮೆ ಮಾಡುತ್ತಾರೆ. ನಡೆಯದ ಕಾಲು ಕಸುವು ಕಳೆದುಕೊಳ್ಳುತ್ತದೆ. ಕಸುವಿಲ್ಲದ ಕಾಲು ಬೇಗ ಎಡವುತ್ತದೆ.

ಹಾಸನ ನಗರದವರಿಗೆ ವಾಯುವಿಹಾರಕ್ಕೆ ಮಹಾರಾಜ ಪಾರ್ಕ್ ಇದೆ. ಹಣವುಳ್ಳವರಿಗೆ ಜಿಮ್ ಇದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೂಲಿ ಮಾಡಿ ಬೆನ್ನು ಬಾಗಿದ ಅಜ್ಜಿಗೆ ಏನಿದೆ? ‘ಜೀವಮಾನವೆಲ್ಲ ದುಡಿದಿದ್ದೀಯ, ಇನ್ನು ಸುಮ್ಮನೆ ಕೂತಿರು’ ಎನ್ನುತ್ತೇವೆ. ಮಾತಿನಲ್ಲಿ ಕರುಣೆಯಿದೆ, ವಿವೇಕವಿಲ್ಲ. ಹೊಲದ ದುಡಿಮೆ ಬೇರೆ, ದೇಹದ ಸಮತೋಲ ಕಾಯುವ ಅಭ್ಯಾಸ ಬೇರೆ. 65 ವರ್ಷ ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ನಡಿಗೆಯಂತಹ ಚಟುವಟಿಕೆ, ಮೂರು ದಿನವಾದರೂ ಸಮತೋಲ ಮತ್ತು ಸ್ನಾಯುಬಲದ ಅಭ್ಯಾಸ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದೇಹ ಬೇರೆ, ಆತ್ಮ ಬೇರೆ ಎನ್ನುವ ಧರ್ಮಕ್ಕೆ ಈ ಚಿಂತೆ ಏಕೆಂದು ಕೆಲವರು ಕೇಳಬಹುದು. ಸಾಮಾಯಿಕಕ್ಕೆ 48 ನಿಮಿಷ ಕೂರಲು, ಬಸದಿಯ ಹೊಸ್ತಿಲು ದಾಟಲು ಈ ದೇಹವೇ ಬೇಕು. ಆರು ಅಂತರಂಗ ತಪಗಳ ಸಾಲಿನಲ್ಲಿ ಸ್ವಾಧ್ಯಾಯ, ಧ್ಯಾನಗಳಿಗಿಂತ ಮೊದಲೇ ವೈಯಾವೃತ್ಯವನ್ನು, ಅಂದರೆ ಸೇವೆಯನ್ನು, ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಸಮಂತಭದ್ರರು ಅದನ್ನು ಗೃಹಸ್ಥನ ಶಿಕ್ಷಾವ್ರತವಾಗಿಯೂ ಹೇಳಿದ್ದಾರೆ. ಅದು ಮುಖ್ಯವಾಗಿ ಸಂಯಮಿಗಳಿಗೆ ಸಲ್ಲುವ ಸೇವೆ, ನಿಜ. ಆದರೆ ಅನುಕಂಪೆಯ ದಾನಕ್ಕೆ ಕುಲ, ಮತಗಳ ಎಲ್ಲೆಯಿಲ್ಲ.

ಇದಕ್ಕೆ ದೊಡ್ಡ ನಿಧಿ ಬೇಡ. ವಾರಕ್ಕೆ ಮೂರು ಬೆಳಗ್ಗೆ, ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ, ಬಸದಿಯ ಪ್ರಾಂಗಣವನ್ನೋ ಶಾಲೆಯ ಅಂಗಳವನ್ನೋ ಎಲ್ಲ ಕೇರಿಯ ಹಿರಿಯರಿಗೆ ತೆರೆಯಬೇಕು. ನೆಲದ ಮೇಲಿನ ಕಠಿಣ ಆಸನಗಳು ಬೇಡ. ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಜೊತೆಗೊಬ್ಬರಿದ್ದಾಗ ಕ್ಷಣಕಾಲ ಒಂಟಿಗಾಲಲ್ಲಿ ನಿಲ್ಲುವುದು ಸಾಕು. ತಲೆಸುತ್ತು, ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ರಕ್ತದೊತ್ತಡ ನೋಡಲು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರದ ಸಿಬ್ಬಂದಿಯ ನೆರವು ಕೋರಬಹುದು. ಮುಂದೆ ನಿಂತು ನಡೆಸಲು ನಿವೃತ್ತ ಶಿಕ್ಷಕರು ಊರೂರಲ್ಲಿ ಇದ್ದೇವೆ. ಬರಲಾಗದವರ ಮನೆಗೆ ನಾವೇ ಹೋಗಬೇಕು.

ಶ್ರವಣಬೆಳಗೊಳದಲ್ಲಿ 58 ಅಡಿಯ ಬಾಹುಬಲಿಯು ಕಾಯೋತ್ಸರ್ಗದಲ್ಲಿ ಅಚಲನಾಗಿ ನಿಂತಿದ್ದಾನೆ. ಅವನ ದರ್ಶನಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ಶಕ್ತಿ ಎಲ್ಲ ವೃದ್ಧರಿಗೂ ಬರಲಾರದು. ತಮ್ಮ ಮನೆಯ ಎರಡು ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ, ಅಂಜದೆ ಇಳಿಯುವಂತಾದರೆ ಅದೇ ನಾವು ಅವರಿಗಿತ್ತ ಅಭಯ.