ಬೆಟ್ಟದ ಹಾದಿಯೂ ಭಾನುವಾರದ ಸವಾರರೂ

ಭಾನುವಾರ ಬೆಳಿಗ್ಗೆ ಕುಂತೂರು, ಮಾಂಬಳ್ಳಿ, ಯಳಂದೂರು ಕಡೆಯ ರೈತರು ಗದ್ದೆಗೆ ನೀರು ತಿರುಗಿಸಲು ಹೊರಡುವ ಹೊತ್ತಿಗೆ ಬೆಂಗಳೂರಿನ ಬೈಕುಗಳು ಕೊಳ್ಳೇಗಾಲವನ್ನು ದಾಟಿರುತ್ತವೆ. ನಸುಕಿನಲ್ಲೇ ಮನೆ ಬಿಟ್ಟ ಇಬ್ಬರು ಗೆಳೆಯರು ಕನಕಪುರ, ಮಳವಳ್ಳಿಗಳನ್ನು ಹಾದು, ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ, ಯಳಂದೂರಿನಲ್ಲಿ ಕಾಫಿ ಕುಡಿದು, ಗುಂಬಳ್ಳಿಯ ಅರಣ್ಯ ತನಿಖಾ ಠಾಣೆಯ ಮೂಲಕ ಬಿಳಿಗಿರಿರಂಗನ ಬೆಟ್ಟವನ್ನು ಏರುತ್ತಾರೆ. ಹುರುಪು ಉಳಿದಿದ್ದರೆ ಕೆಳಗಿಳಿದು ಹನೂರು, ಕೌದಳ್ಳಿ, ತಾಳುಬೆಟ್ಟದ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನೂ ಅದೇ ದಿನ ಮುಗಿಸುತ್ತಾರೆ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ. ಎರಡು ಬೆಟ್ಟಗಳನ್ನು ಒಂದು ಹಗಲಿನಲ್ಲಿ ಮುಗಿಸಿದೆವೆಂಬ ಹೆಮ್ಮೆ ಅವರದು. 'ಮುಗಿಸಿದೆವು' ಎಂಬುದು ಅವರದೇ ಮಾತು.

ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ರಸ್ತೆ ಸರ್ಕಾರದ್ದು, ಪೆಟ್ರೋಲು ಸವಾರನದು, ನೋಟ ಎಲ್ಲರದು. ಗೆಳೆಯನೊಡನೆ ಒಂದು ದಿನ ಗಾಳಿಗೆ ಮುಖವೊಡ್ಡಿ ಹೋಗಿಬರುವ ಸಂತೋಷವನ್ನು ಯಾರೂ ಹೀಗಳೆಯಬೇಕಾಗಿಲ್ಲ. ಆಕ್ಷೇಪವಿರುವುದು ಆ ಸವಾರಿ ಬೆಟ್ಟವನ್ನು ಏನೆಂದು ತಿಳಿದಿದೆ ಎಂಬ ಬಗ್ಗೆ. ಮೋಟಾರು ಸೈಕಲ್ಲಿನ ಜಾಹೀರಾತುಗಳಲ್ಲಿ ಬರುವ ಬೆಟ್ಟದ ರಸ್ತೆ ಯಾವಾಗಲೂ ಖಾಲಿ. ಅಲ್ಲಿ ಬಸ್ಸಿಗೆ ಕಾಯುವ ಮುದುಕಿಯಿಲ್ಲ, ಶಾಲೆಗೆ ನಡೆಯುವ ಮಕ್ಕಳಿಲ್ಲ, ರಸ್ತೆಗಡ್ಡ ಹಾಯುವ ದನವಿಲ್ಲ. ಆ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಬರುವವನಿಗೆ ನಿಜವಾದ ರಸ್ತೆಯಲ್ಲಿ ಎದುರಾಗುವ ಮನುಷ್ಯರೂ ಪ್ರಾಣಿಗಳೂ ಅಡಚಣೆಯಾಗಿ ಕಾಣುತ್ತಾರೆ.

ನಿಜವಾದ ರಸ್ತೆಯ ಅಂಚಿನಲ್ಲಿ ಯಾರಿದ್ದಾರೆ, ಏಕಿದ್ದಾರೆ ಎಂಬುದಕ್ಕೆ ಒಂದು ಚರಿತ್ರೆಯಿದೆ. 1974ರಲ್ಲಿ ಈ ಅರಣ್ಯವನ್ನು ವನ್ಯಜೀವಿ ಧಾಮವೆಂದು ಘೋಷಿಸಿದ ಮೇಲೆ ಒಳಕಾಡಿನ ಪೋಡುಗಳಿಂದ ಅನೇಕ ಸೋಲಿಗ ಕುಟುಂಬಗಳನ್ನು ಎಬ್ಬಿಸಿ ರಸ್ತೆಯ ಬದಿಗೂ ಕಾಡಿನ ಅಂಚಿಗೂ ತಂದು ಕೂರಿಸಲಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು. ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ಬಳಿಕ ಜೇನು, ನೆಲ್ಲಿ, ಸೀಗೆ, ಕಲ್ಲುಹೂಗಳನ್ನು ತಂದು ಮಾರುವುದಕ್ಕೂ ಅಡ್ಡಿ ಬಂತು. ಹೊರಗಿನವರ ಕಾಲ್ತುಳಿತದಿಂದ ಕಾಡನ್ನು ಉಳಿಸಬೇಕೆಂದು ಸೋಲಿಗರ ಕಾಲನ್ನು ಕಟ್ಟಿದ ಆಡಳಿತವು ಅದೇ ಕಾಡಿನ ನಡುವಣ ಡಾಂಬರು ರಸ್ತೆಯನ್ನು ನಗರದ ಚಕ್ರಗಳಿಗೆ ತೆರೆದಿಟ್ಟಿದೆ. ನೆಲ್ಲಿಕಾಯಿಯ ಚೀಲ ಕಾಡಿಗೆ ಅಪಾಯ, ಸೀಳಿದ ಸೈಲೆನ್ಸರು ಪ್ರವಾಸೋದ್ಯಮ!

ಸೈಲೆನ್ಸರಿನ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮೋಟಾರು ವಾಹನ ನಿಯಮಗಳ ಪ್ರಕಾರ 175 ಸಿ.ಸಿ.ಗೂ ಮೇಲ್ಪಟ್ಟ ಮೋಟಾರು ಸೈಕಲ್ಲಿನ ಸದ್ದಿಗೆ ವಿಧಿಸಿದ ಮಿತಿ 80 ಡೆಸಿಬೆಲ್. ಡೆಸಿಬೆಲ್ ಎಂಬುದು ಸೇರಿನಿಂದ ಅಳೆದು ಕೂಡಿಸುವ ಲೆಕ್ಕವಲ್ಲ. 3 ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, 10 ಹೆಚ್ಚಿದರೆ ಹತ್ತುಪಟ್ಟಾಗುತ್ತದೆ. ಕಾರ್ಖಾನೆಯಲ್ಲಿ ಕೂರಿಸಿದ ಸೈಲೆನ್ಸರನ್ನು ಕಿತ್ತು ಅಬ್ಬರಿಸುವ ಕೊಳವೆಯನ್ನು ಜೋಡಿಸಿದವನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ಮನೆಯಂಗಳದಲ್ಲೇ ಮುರಿದು ಬಂದಿರುತ್ತಾನೆ. ಬಯಲಿನಲ್ಲಿ ಆ ಸದ್ದು ಚದುರಿಹೋಗುತ್ತದೆ. ಕಣಿವೆಯಲ್ಲಿ ಅದು ಎದುರು ಗುಡ್ಡಕ್ಕೆ ಬಡಿದು ಮರಳುತ್ತದೆ. ಜಿಂಕೆ, ಕಡವೆ, ಮುಸುವಗಳು ಹುಲಿಯ ಸುಳಿವನ್ನು ಒಂದಕ್ಕೊಂದು ಕೂಗಿ ತಿಳಿಸುವ ಕಾಡು ಇದು. ಕೂಗು ಕೇಳಿಸದಿದ್ದರೆ ಆ ಎಚ್ಚರಿಕೆಯ ವ್ಯವಸ್ಥೆಯೇ ಕುರುಡು. ರಸ್ತೆಯ ಬದಿಗೆ ಸೌದೆ ಆಯುವ ಹೆಂಗಸೂ ಆನೆಯ ಸುಳಿವನ್ನು ಹಿಡಿಯುವುದು ಕಿವಿಯಿಂದಲೇ. ಕೊಂಬೆ ಮುರಿದ ಸದ್ದು ಅವಳ ಪಾಲಿಗೆ ಜೀವದ ಪ್ರಶ್ನೆ.

ಇನ್ನು ಕೋತಿಗಳು. ತಿರುವಿನಲ್ಲಿ ಬೈಕು ನಿಲ್ಲಿಸಿ ಬಿಸ್ಕತ್ತು ಎಸೆದು ಫೋಟೋ ತೆಗೆಯುವುದು ಸವಾರರಿಗೆ ದಯೆಯ ಕೆಲಸವಾಗಿ ತೋರುತ್ತದೆ. ಮರದ ಕಾಯನ್ನು ಬಿಟ್ಟು ಕೈಯ ತಿಂಡಿಗೆ ಒಗ್ಗಿದ ಕೋತಿ ದಿನವಿಡೀ ಡಾಂಬರಿನ ಮೇಲೆ ಕೂರುತ್ತದೆ. ಕೆಲವು ಅಲ್ಲೇ ಚಕ್ರಕ್ಕೆ ಸಿಕ್ಕುತ್ತವೆ. ಉಳಿದವು ಸೋಮವಾರ ಸವಾರರಿಲ್ಲದಾಗ ಪೋಡಿನ ಹಲಸಿಗೂ ಅಡಿವಾರದ ಮುಸುಕಿನ ಜೋಳಕ್ಕೂ ನುಗ್ಗುತ್ತವೆ. ಭಾನುವಾರದ ದಯೆಯ ಖರ್ಚನ್ನು ವಾರವಿಡೀ ರೈತನೇ ತೆರಬೇಕು.

ಕಳೆಗಳ ವಿಷಯದಲ್ಲಿ ಮಾತ್ರ ಸವಾರರ ಮೇಲೆ ಎಲ್ಲ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಬಿಳಿಗಿರಿ ಕಾಡನ್ನು ಉಸಿರುಗಟ್ಟಿಸುತ್ತಿರುವ ಲಂಟಾನದ ಬೀಜವನ್ನು ಹರಡುವವು ಹಣ್ಣು ತಿನ್ನುವ ಹಕ್ಕಿಗಳು. 1997ರಲ್ಲಿ ಅಲ್ಲಿ ಅಧ್ಯಯನಕ್ಕೆ ಗುರುತಿಸಿದ್ದ ತಾಕುಗಳಲ್ಲಿ ಅರ್ಧಕ್ಕೂ ಕಡಿಮೆ ಕಡೆ ಇದ್ದ ಈ ಗಿಡ, 2008ರ ಹೊತ್ತಿಗೆ ಐದರಲ್ಲಿ ನಾಲ್ಕು ಪಾಲನ್ನು ಆಕ್ರಮಿಸಿತ್ತು. ಬೇಸಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದರಿಂದಲೇ ಇದು ಹೀಗೆ ಹಬ್ಬಿತೆಂದು ಸೋಲಿಗರ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ವಿಜ್ಞಾನಿಗಳು ಗಂಭೀರವಾಗಿ ಕೇಳಿಸಿಕೊಂಡದ್ದು ತಡವಾಗಿ. ಆದರೆ ರಸ್ತೆಗಾಗಿ ಮರ ತೆರವಾದಲ್ಲಿ ಬೀಳುವ ಬಿಸಿಲು ಇಂಥ ಗಿಡಗಳಿಗೆ ಮೊದಲ ನೆಲೆ ಒದಗಿಸುತ್ತದೆ. ಪಾರ್ಥೇನಿಯಮ್ಮಿನ ಸಣ್ಣ ಬೀಜ ಟೈರಿನ ಕೆಸರಿಗೆ ಅಂಟಿಕೊಂಡು ಊರಿಂದೂರಿಗೆ ಸಾಗುತ್ತದೆ. ರಸ್ತೆ ಅಗಲವಾದಷ್ಟೂ ಅಂಚಿನ ಬಿಸಿಲೂ ಅಗಲ. 'ಸವಾರಿಗೆ ರಸ್ತೆ ಇನ್ನಷ್ಟು ಚೆನ್ನಾಗಿರಬೇಕಿತ್ತು' ಎಂಬ ದೂರಿನ ಹಿಂದೆ ಇರುವ ಬೇಡಿಕೆ ಇದೇ.

ಪ್ರವಾಸಿಗರಿಂದ ಊರಿಗೆ ಹಣ ಬರುತ್ತದೆ ಎಂಬುದು ಮತ್ತೊಂದು ವಾದ. ಒಂದು ದಿನದ ಸವಾರ ತಂಗುವುದಿಲ್ಲ. ಪೆಟ್ರೋಲನ್ನು ದಾರಿಯಲ್ಲೇ ತುಂಬಿಸಿರುತ್ತಾನೆ, ನೀರಿನ ಬಾಟಲಿಯನ್ನು ಊರಿನಿಂದಲೇ ತಂದಿರುತ್ತಾನೆ. ಬೆಟ್ಟದ ಮೇಲೆ ಎರಡು ಲೋಟ ಚಹಾ ಕುಡಿದು, ಖಾಲಿ ಬಾಟಲಿಯನ್ನು ಬಿಟ್ಟುಹೋಗುತ್ತಾನೆ. ಹಾಗೆಂದು ಕಾಡಿಗೆ ಎಲ್ಲರಿಗಿಂತ ಹೆಚ್ಚು ಕೇಡು ಬೈಕಿನವನದೇ ಎಂದಲ್ಲ. ರೆಸಾರ್ಟುಗಳೂ ಸಫಾರಿ ಜೀಪುಗಳೂ ಜಾತ್ರೆಯ ದಿನದ ವ್ಯಾನುಗಳೂ ಪ್ರತ್ಯೇಕ ಲೇಖನಕ್ಕೆ ಅರ್ಹವಾದವು.

ಪ್ರಕೃತಿಯನ್ನು ಪ್ರೀತಿಸಲು ಕಲಿಸುವ ಸವಾರಿಯಿದು ಎಂದು ಹೇಳುವವರನ್ನು ಒಂದು ಸಣ್ಣ ಪರೀಕ್ಷೆಗೆ ಒಡ್ಡಬಹುದು. ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರು. ಅಷ್ಟರಲ್ಲಿ ಅಡಿವಾರದ ಕುರುಚಲು ಮುಗಿದು, ದಿಂಡಿಗ ಮತ್ತಿಗಳ ಎಲೆಯುದುರುವ ಕಾಡು ತೊಡಗಿ, ಮೇಲೆ ಸೋಲಿಗರು ಕಾನು ಎನ್ನುವ ಹಸುರು ಕಾಡಿನ ತಂಪು ತಾಗುತ್ತದೆ. ಕಾಡು ಎಲ್ಲಿ ಬದಲಾಯಿತು ಎಂದು ಕೇಳಿದರೆ ಸವಾರನಿಗೆ ಗೊತ್ತಿರುವುದಿಲ್ಲ. ತಿರುವುಗಳೆಷ್ಟು ಎಂದರೆ ಗೊತ್ತು. ಬಿಳಿಗಿರಿರಂಗನಿಗೆ ಭಕ್ತರು ದೊಡ್ಡ ಚರ್ಮದ ಪಾದುಕೆಗಳನ್ನು ಒಪ್ಪಿಸುವ ಸಂಪ್ರದಾಯ ಈ ಸೀಮೆಯಲ್ಲಿದೆ. ದೇವರು ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಸುತ್ತಿ ಸುತ್ತಿ ಪಾದುಕೆ ಸವೆಯುತ್ತದೆ ಎಂಬ ನಂಬಿಕೆ. ಸೋಲಿಗರ ಕುಸುಮಾಲೆಯನ್ನು ಮದುವೆಯಾದ ಆ ರಂಗ ಅವರಿಗೆ ಭಾವ, ಅಂದರೆ ಕಾಡು ಅವನಿಗೆ ಹೆಂಡತಿಯ ತವರು. ಹೆಂಡತಿಯ ತವರಿಗೆ ಅವನು ನಡೆದೇ ಹೋಗುತ್ತಾನೆ. ಮಾದಪ್ಪ ಹುಲಿಯನ್ನೇರಿದವನೇ ಆದರೂ ಅವನ ಬೆಟ್ಟಕ್ಕೆ ಇಂದಿಗೂ ಸಾವಿರಾರು ಒಕ್ಕಲು ಕಾಲ್ನಡಿಗೆಯಲ್ಲಿ ಹೋಗುತ್ತಾರೆ.

ಹಾಗಾದರೆ ಬೈಕುಗಳನ್ನೇ ನಿಷೇಧಿಸಬೇಕೆ? ಇಲ್ಲಿ ಎಚ್ಚರ ಅಗತ್ಯ. ಪೋಡಿನ ಯುವಕನಿಗೂ ಹಳೆಯ ಟಿ.ವಿ.ಎಸ್. ಎಕ್ಸೆಲ್ ಇದೆ. ಕಾಫಿಯ ಚೀಲ, ಪಡಿತರದ ಅಕ್ಕಿ, ಜ್ವರ ಬಂದ ಮಗು ಎಲ್ಲವೂ ಅದರ ಮೇಲೆಯೇ ಸಾಗಬೇಕು. ಗೇಟಿನಲ್ಲಿ 'ದ್ವಿಚಕ್ರ ವಾಹನ ನಿಷೇಧ' ಎಂದು ಫಲಕ ಬಿದ್ದ ದಿನ ಮೊದಲು ನಿಲ್ಲುವುದು ಆ ಎಕ್ಸೆಲ್ಲು. ನಗರದ ಸವಾರನು ಬೇರೊಂದು ಬೆಟ್ಟವನ್ನು ಹುಡುಕಿಕೊಳ್ಳುತ್ತಾನೆ. ಮೇಲಿನಿಂದ ಬರುವ ನಿಷೇಧ ಕೆಳಗಿನವರ ಮೇಲೆಯೇ ಬೀಳುತ್ತದೆಂಬುದನ್ನು 1974ರ ನಂತರದ ಅನುಭವ ಕಲಿಸಿದೆ. ವಿವೇಚನೆಯಿಂದ ತಡೆಯೊಡ್ಡುವುದು ಅಸಾಧ್ಯವೇನಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಲ್ಲಿಸಿದಾಗ ತುರ್ತು ವಾಹನಗಳಿಗೂ ಕೆಲವು ಬಸ್ಸುಗಳಿಗೂ ವಿನಾಯಿತಿ ಕೊಡಲಾಯಿತು. ಲೋಕವೇನೂ ಮುಳುಗಲಿಲ್ಲ.

ಬಿಳಿಗಿರಿಯಲ್ಲಿ ಅದಕ್ಕಿಂತ ಗಟ್ಟಿಯಾದ ಉಪಾಯವೊಂದು ಕೈಯಲ್ಲೇ ಇದೆ. 2011ರ ಜನವರಿಯಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಲ್ಲಿನ ಸೋಲಿಗ ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಆ ಕಾಯಿದೆಯ 5ನೇ ಕಲಮನ್ನು ಓದಿದವರು ಕಡಿಮೆ. ಸಮುದಾಯದ ಅರಣ್ಯ ಸಂಪನ್ಮೂಲಕ್ಕೆ ಪ್ರವೇಶವನ್ನು ನಿಯಂತ್ರಿಸುವ, ವನ್ಯಜೀವಿಗೂ ಕಾಡಿಗೂ ಕೇಡಾಗುವ ಚಟುವಟಿಕೆಯನ್ನು ತಡೆಯುವ ತೀರ್ಮಾನವನ್ನು ಗ್ರಾಮಸಭೆ ಕೈಗೊಳ್ಳಬಹುದು, ಅದು ಪಾಲನೆಯಾಗುವಂತೆ ನೋಡಿಕೊಳ್ಳಲೂಬಹುದು ಎಂದು ಅದು ಹೇಳುತ್ತದೆ. ಡಾಂಬರು ಇಲಾಖೆಯದೇ ಇರಲಿ, ಸವಾರರು ಇಳಿದು ನಿಲ್ಲುವ ತಿರುವು, ಕೈತೊಳೆಯುವ ತೊರೆ, ಬಾಟಲಿ ಎಸೆಯುವ ಇಳಿಜಾರು ಕಾಡಿನವು. ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು, ಒಂದು ದಿನಕ್ಕೆ ಹೊರಗಿನ ಎಷ್ಟು ವಾಹನ, ಕೆಟ್ಟ ಸೈಲೆನ್ಸರಿನವನನ್ನು ಗುಂಬಳ್ಳಿಯಲ್ಲೇ ಹಿಂದಿರುಗಿಸಬೇಕೇ ಎಂಬುದನ್ನು ಪೋಡಿನವರು ಕೂತು ನಿರ್ಣಯಿಸಿ ಇಲಾಖೆಯ ಮುಂದಿಡಬೇಕು. ಇಲಾಖೆ ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲವೆಂದು ಬರೆದುಕೊಡಲಿ.

ನಿರ್ಣಯಕ್ಕೆ ಲೆಕ್ಕ ಬೇಕು. ಕೊಳ್ಳೇಗಾಲ, ಯಳಂದೂರು ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ನಾಲ್ಕು ಭಾನುವಾರಗಳಲ್ಲಿ ಮಾಡಬಲ್ಲರು. ಇಬ್ಬರು ಗುಂಬಳ್ಳಿಯ ಬಳಿ ಕುಳಿತು ಏರುವ ಇಳಿಯುವ ಬೈಕುಗಳನ್ನು ಗಂಟೆಗೊಮ್ಮೆ ಎಣಿಸಬೇಕು, ಸ್ಥಳೀಯರದನ್ನೂ ಹೊರಗಿನವರದನ್ನೂ ಬೇರೆಯಾಗಿ ಬರೆಯಬೇಕು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮೇಲೆ ಹೋದವರು ಪೋಡಿನ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು, ಅನುಮತಿಯಿರುವಷ್ಟು ದೂರ ರಸ್ತೆಯಂಚನ್ನು ನೋಡಿ, ಸತ್ತ ಹಾವು, ಕಪ್ಪೆ, ಕೋತಿಗಳನ್ನೂ ಬಿದ್ದ ಬಾಟಲಿಗಳನ್ನೂ ಕಿಲೋಮೀಟರು ಕಲ್ಲಿನ ಸಂಖ್ಯೆಯೊಡನೆ ಗುರುತು ಹಾಕಿಕೊಳ್ಳಬೇಕು. ಪಟ್ಟಿಯ ಮೊದಲ ಪ್ರತಿ ಗ್ರಾಮಸಭೆಗೆ, ಎರಡನೆಯದು ವಲಯ ಅರಣ್ಯಾಧಿಕಾರಿಗೆ.